ವೃಕ್ಷವೈದ್ಯರ ವೃತ್ತಾಂತ

ನಮ್ಮ ಶಾಲೆಯ ಅಂಗಳದಲ್ಲಿ ಒಂದು ಹಳೆಯ ಮಳೆಮರವಿದೆ. ಅದರ ಕಾಂಡದಲ್ಲಿ ಆಳೆತ್ತರದಲ್ಲಿ ಒಂದು ಪೊಟರೆ. ಎಂದೋ ಯಾರೋ ಪುಣ್ಯಾತ್ಮರು ಮರದ ಮೇಲಿನ ಅಕ್ಕರೆಯಿಂದ ಆ ಪೊಟರೆಗೆ ಸಿಮೆಂಟು ತುಂಬಿಸಿ, ಮೇಲೆ ಗೋಡೆಗೆ ಮಾಡುವಂತೆ ನುಣ್ಣಗೆ ಗಾರೆ ಮಾಡಿಸಿದ್ದಾರೆ. ಕಳೆದ ಮಳೆಗಾಲದಲ್ಲಿ ಆ ಮರದ ಒಂದು ದೊಡ್ಡ ಕೊಂಬೆ ರಾತ್ರಿ ಹೊತ್ತು ಮುರಿದು ಬಿತ್ತು. ಹಗಲಾಗಿದ್ದರೆ ಏನಾಗುತ್ತಿತ್ತೋ ಎಂದು ಎಲ್ಲರಿಗೂ ಎದೆ ನಡುಗಿತು. ಮರವನ್ನು ಕಡಿಸಿಬಿಡಬೇಕೆಂದು ಕೆಲವರು, ಕೂಡದೆಂದು ಕೆಲವರು ವಾದ ಹೂಡಿದರು. ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ: “ಸಾರ್, ಮನುಷ್ಯರಿಗೆ, ದನಗಳಿಗೆ ಡಾಕ್ಟರು ಇದ್ದಾರೆ. ಮರಕ್ಕೆ ಇಲ್ಲವೇ?”

ಇದ್ದಾರೆ ಎಂದು ಹೇಳಿದೆ. ಆದರೆ ಆ ಒಂದು ಮಾತಿನ ಹಿಂದೆ ಎಷ್ಟು ದೊಡ್ಡ ಕಥೆಯಿದೆ ಎಂಬುದು ಆಮೇಲೆ ಹುಡುಕಿ ಓದಿದಾಗಲೇ ನನಗೂ ತಿಳಿದದ್ದು. ಅದು ಔಷಧದ ಕಥೆ, ಆಯುಧದ ಕಥೆ, ಬಂಡಿಯ ಕಥೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಕಸುಬು ತನ್ನ ತಪ್ಪನ್ನು ತಾನೇ ಕಂಡುಕೊಂಡ ಕಥೆ.

ಮರಕ್ಕೆ ಶಸ್ತ್ರಚಿಕಿತ್ಸೆ ಎಂಬ ಕಲ್ಪನೆ ನಮಗೆ ಹೊಸದಲ್ಲ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಚಳಿ, ಗಾಳಿ, ಬಿಸಿಲುಗಳಿಂದ ಮರಕ್ಕೆ ರೋಗ ಬರುತ್ತದೆ. ಎಲೆ ಬಿಳಿಚಿಕೊಳ್ಳುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಅದರ ಲಕ್ಷಣಗಳು ಎನ್ನುತ್ತಾನೆ. ಚಿಕಿತ್ಸೆಯ ಮೊದಲ ಹೆಜ್ಜೆ ಕೆಟ್ಟ ಭಾಗವನ್ನು ಶಸ್ತ್ರದಿಂದ ಶುದ್ಧಿ ಮಾಡುವುದು. ಅನಂತರ ವಾಯುವಿಳಂಗ, ತುಪ್ಪ, ಕೆಸರು ಕಲಸಿ ಬಳಿದು, ಹಾಲು ಬೆರೆಸಿದ ನೀರನ್ನು ಎರೆಯುವುದು. ಕನ್ನಡದಲ್ಲಿಯೂ 11ನೆಯ ಶತಮಾನದ ಆದಿಭಾಗದಲ್ಲಿ, ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನು ತನ್ನ ‘ಲೋಕೋಪಕಾರ’ವೆಂಬ ಗ್ರಂಥದಲ್ಲಿ ವಾಸ್ತು, ಜಲಶೋಧನೆ, ಪಾಕಶಾಸ್ತ್ರಗಳ ಜೊತೆಗೆ ವೃಕ್ಷಾಯುರ್ವೇದವನ್ನೂ ಸೇರಿಸಿದ್ದಾನೆ. ಲೋಕಕ್ಕೆ ಉಪಕಾರವಾಗುವ ವಿದ್ಯೆಗಳಲ್ಲಿ ಮರದ ಆರೈಕೆಯೂ ಒಂದು ಎಂದು ನಮ್ಮ ಹಿರಿಯರು ಬಗೆದಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅದು ವಿದ್ಯೆಯಾಗಿತ್ತೇ ಹೊರತು, ಬಂಡಿ ಕಟ್ಟಿಕೊಂಡು ಮನೆಮನೆಗೆ ಹೋಗಿ ಮಾಡುವ ಕಸುಬಾಗಿರಲಿಲ್ಲ. ಕಸುಬಾದದ್ದು ಪಶ್ಚಿಮ ದೇಶಗಳಲ್ಲಿ.

18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಅರಸನ ಕೆನ್ಸಿಂಗ್‌ಟನ್ ಉದ್ಯಾನದಲ್ಲಿ ವಿಲಿಯಂ ಫಾರ್ಸೈತ್ ಎಂಬ ತೋಟಗಾರನಿದ್ದ. ನಮ್ಮಲ್ಲಿ ಕೆಲವು ಬೆಟ್ಟದೂರಿನ ತೋಟಗಳಲ್ಲಿಯೂ ಹೆಸರು ಕೇಳಿಬರುವ ‘ಫಾರ್ಸೈತಿಯ’ ಎಂಬ ಹಳದಿ ಹೂವಿನ ಗಿಡಕ್ಕೆ ಈತನ ಹೆಸರನ್ನೇ ಇಟ್ಟಿದ್ದಾರೆ. 1791ರಲ್ಲಿ ಇವನು ಮರಗಳ ರೋಗ ಮತ್ತು ಗಾಯಗಳನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿ, ತಾನು ಕಂಡುಹಿಡಿದ ಲೇಪವನ್ನು ಸಾರಿದ. ಆ ಲೇಪದಲ್ಲಿ ಇದ್ದದ್ದೇನು? ಹಸಿ ಸಗಣಿ, ಹಳೆಯ ಕಟ್ಟಡದ ಸುಣ್ಣದ ಗಾರೆ, ಸೌದೆಯ ಬೂದಿ, ಒಂದಿಷ್ಟು ಮರಳು! ನಮ್ಮ ಹಳ್ಳಿಯ ಯಾವ ಅಜ್ಜಿಯೂ ಇದನ್ನು ಕೇಳಿ ಬೆರಗಾಗಲಾರಳು. ಆದರೆ ಅಂದು ಇಂಗ್ಲೆಂಡಿಗೆ ಯುದ್ಧದ ಹಡಗುಗಳಿಗಾಗಿ ಓಕ್ ಮರ ಬೇಕಾಗಿತ್ತು. ಪೊಟರೆಬಿದ್ದ ಓಕ್ ಮತ್ತೆ ಗಟ್ಟಿಯಾಗುವುದಾದರೆ ಅದು ರಾಜ್ಯಕ್ಕೇ ಲಾಭ. ಪಾರ್ಲಿಮೆಂಟು ಅವನಿಗೆ ಹಣದ ಬಹುಮಾನವನ್ನೇ ಕೊಟ್ಟಿತು. ಥಾಮಸ್ ಆಂಡ್ರೂ ನೈಟ್ ಎಂಬ ಸಸ್ಯವಿದ್ವಾಂಸ ಮಾತ್ರ ಈ ಮಾತನ್ನು ಒಪ್ಪದೆ ವಾದಕ್ಕೆ ನಿಂತ. ಕೊಳೆತ ಮರ ಮರಳಿ ಗಟ್ಟಿಯಾದೀತೇ ಎಂಬ ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಲು ಇನ್ನೂ ಸುಮಾರು ಎರಡು ಶತಮಾನ ಹಿಡಿಯಿತು.

ಮರದ ವೈದ್ಯವನ್ನು ಕಸುಬಾಗಿ ನಿಲ್ಲಿಸಿದವನು ಜಾನ್ ಡೇವಿ. ಹುಟ್ಟಿದ್ದು 1846ರಲ್ಲಿ, ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯಲ್ಲಿ. ಬಡವರ ಮನೆ, ಬಾಲ್ಯದಲ್ಲಿ ಶಾಲೆಯ ಭಾಗ್ಯವಿಲ್ಲ. ಅಕ್ಷರ ಕಲಿತದ್ದೇ ಇಪ್ಪತ್ತರ ಆಸುಪಾಸಿನಲ್ಲಿ. ಆ ಹೊತ್ತಿಗೆ ತೋಟದ ಕೆಲಸ ಕೈಗೆ ಬಂದಿತ್ತು. 1873ರಲ್ಲಿ ಅಮೆರಿಕಕ್ಕೆ ಹೋಗಿ ಒಹಾಯೋ ಸಂಸ್ಥಾನದಲ್ಲಿ ನೆಲೆಸಿದ. 1881ರಲ್ಲಿ ಕೆಂಟ್ ಎಂಬ ಊರಿನ ಸ್ಮಶಾನವನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಪಾಳುಬಿದ್ದಂತಿದ್ದ ಆ ಸ್ಮಶಾನವನ್ನು ಉದ್ಯಾನವನ್ನಾಗಿ ಮಾಡುತ್ತ, ಅಲ್ಲಿಯ ಮರಗಳನ್ನೇ ತನ್ನ ರೋಗಿಗಳೆಂದು ಭಾವಿಸಿ ಪ್ರಯೋಗ ನಡೆಸಿದ. ಒಣಗಿದ ಕೊಂಬೆ ತೆಗೆದ, ಗಾಯದ ಅಂಚು ಸವರಿದ, ಪೊಟರೆ ಕೆತ್ತಿದ. ಮರದ ತಲೆಯನ್ನೇ ಹಾರಿಸಿ ‘ಚೊಕ್ಕಟ ಮಾಡಿದೆ’ ಎನ್ನುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

1901ರಲ್ಲಿ ಅವನು ಸಾಲ ಮಾಡಿ ‘ಮರದ ವೈದ್ಯ’ ಎಂಬ ಅರ್ಥದ ಹೆಸರಿನ ಪುಸ್ತಕವೊಂದನ್ನು ತಾನೇ ಅಚ್ಚುಹಾಕಿಸಿದ. ತುಂಬ ಭಾವಚಿತ್ರಗಳಿದ್ದ ಪುಸ್ತಕ. ಆ ಕಾಲಕ್ಕೆ ಅದು ಭಾರಿ ಖರ್ಚಿನ ಕೆಲಸ. ಹೆಸರು ಬಂದಂತೆ ಜನ ಕರೆಯಕಳುಹಿಸತೊಡಗಿದರು. ತಾನೊಬ್ಬನೇ ಎಷ್ಟು ಮರ ಹತ್ತಿಯಾನು? ಮಗ ಮಾರ್ಟಿನ್ ವ್ಯವಹಾರದಲ್ಲಿ ಚತುರ. ಮುಂದೆ ಒಹಾಯೋದ ಗವರ್ನರ್ ಪದವಿಯವರೆಗೂ ಏರಿದವನು. ತಂದೆಮಕ್ಕಳು 1909ರಲ್ಲಿ ಕಂಪೆನಿಯನ್ನು ನೋಂದಾಯಿಸಿದರು. ಕೆಲಸಗಾರರಿಗೆ ಕಲಿಸಲು ಶಾಲೆಯನ್ನೂ ತೆರೆದರು. ಮರ ಹತ್ತುವವನಿಗೆ ಸಸ್ಯಶಾಸ್ತ್ರದ ಪಾಠವೂ ಬೇಕು ಎಂಬುದು ಆ ಅಕ್ಷರವಂಚಿತ ಮನುಷ್ಯನ ನಿಲುವಾಗಿತ್ತೆಂಬುದನ್ನು ನಾವು, ಮೇಷ್ಟರುಗಳು, ವಿಶೇಷವಾಗಿ ಗಮನಿಸಬೇಕು. ಡೇವಿ 1923ರಲ್ಲಿ ತೀರಿಕೊಂಡ. ಕಂಪೆನಿ ಉಳಿಯಿತು, 1979ರಲ್ಲಿ ಅದನ್ನು ಅಲ್ಲಿಯ ನೌಕರರೇ ಕೊಂಡುಕೊಂಡರು.

ಬೇರೆಯವರೂ ಹಿಂದುಳಿಯಲಿಲ್ಲ. ಫ್ರಾನ್ಸಿಸ್ ಬಾರ್ಟ್‌ಲೆಟ್ 1907ರಲ್ಲಿ ಕನೆಕ್ಟಿಕಟ್ ಸಂಸ್ಥಾನದಲ್ಲಿ ಇಂಥದೇ ಸಂಸ್ಥೆ ತೆರೆದ. 1928ರಲ್ಲಿ ಫಿಲಡೆಲ್ಫಿಯದ ಬಳಿ ಆಸ್‌ಪ್ಲಂಡ್ ಮನೆತನದ ಮೂವರು ಸೋದರರು ವಿದ್ಯುತ್ತಿನ ಮತ್ತು ಟೆಲಿಫೋನಿನ ತಂತಿಗಳಿಗೆ ಅಡ್ಡಬರುವ ಕೊಂಬೆಗಳನ್ನು ತೆಗೆಯುವುದನ್ನೇ ಮುಖ್ಯ ಉದ್ಯೋಗ ಮಾಡಿಕೊಂಡರು. 1924ರಲ್ಲಿ ವೃಕ್ಷವೈದ್ಯರೂ ವಿಜ್ಞಾನಿಗಳೂ ಒಟ್ಟಾಗಿ ಸಮ್ಮೇಳನ ನಡೆಸಿದರು. ಇಂದಿನ ಅಂತರರಾಷ್ಟ್ರೀಯ ವೃಕ್ಷಪಾಲಕರ ಸಂಘಕ್ಕೆ ಅದೇ ಬೀಜ.

ಆ ಮೊದಲ ತಲೆಮಾರಿನವರ ಸಲಕರಣೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಬಹುದಾಗಿತ್ತು. ಕೈಗರಗಸ, ಉಳಿ, ಕೊಡತಿ, ನಾರಿನ ಹಗ್ಗ, ಡಾಂಬರಿನ ಡಬ್ಬಿ. ಹೊರಗೆ ಒಂದು ಏಣಿ. ಊರೊಳಗಾದರೆ ಕುದುರೆಗಾಡಿ, ದೂರಕ್ಕಾದರೆ ರೈಲು. ಪೊಟರೆಯ ಚಿಕಿತ್ಸೆ ಹಲ್ಲಿನ ವೈದ್ಯರ ಕೆಲಸವನ್ನು ಹೋಲುತ್ತಿತ್ತು. ಕೊಳೆತದ್ದನ್ನೆಲ್ಲ ಗಟ್ಟಿ ಮರ ಸಿಕ್ಕುವವರೆಗೆ ಉಳಿಯಿಂದ ಕೆತ್ತಿ ತೆಗೆಯುವುದು. ಒಳಗೆ ಡಾಂಬರು ಬಳಿಯುವುದು. ಆಮೇಲೆ ಸಿಮೆಂಟು ತುಂಬುವುದು. ಗಾಳಿಗೆ ಮರ ತೂಗುವಾಗ ಸಿಮೆಂಟು ಒಡೆಯುತ್ತದೆಂದು, ಅದನ್ನು ಬೆನ್ನುಮೂಳೆಯ ಮಣಿಗಳಂತೆ ಬಿಡಿಬಿಡಿ ಅಡಕಲಾಗಿ ಕಟ್ಟುವ ಜಾಣತನವೂ ಬಂತು. ನಮ್ಮ ಶಾಲೆಯ ಮಳೆಮರಕ್ಕೆ ಸಿಮೆಂಟು ಹಾಕಿಸಿದ ಪುಣ್ಯಾತ್ಮರು ಡೇವಿಯ ಹೆಸರನ್ನು ಕೇಳಿರಲಿಕ್ಕಿಲ್ಲ. ಆದರೆ ಅವರು ಮಾಡಿಸಿದ್ದು ಅದೇ ಪದ್ಧತಿಯ ಚಿಕಿತ್ಸೆ.

ಮುಂದೆ ಈ ಕಸುಬಿನ ಮುಖವನ್ನೇ ಬದಲಿಸಿದ್ದು ಯಂತ್ರ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಚೈನ್ ಗರಗಸವನ್ನೂ 1929ರಲ್ಲಿ ಪೆಟ್ರೋಲಿನಿಂದ ನಡೆಯುವುದನ್ನೂ ತಯಾರಿಸಿದ. ಆ ಪೆಟ್ರೋಲ್ ಗರಗಸದ ತೂಕ ಸುಮಾರು 46 ಕಿಲೋ. ಎರಡು ಕಡೆ ಇಬ್ಬರು ಹಿಡಿಯಬೇಕು. ನೆಲದ ಮೇಲೆ ನಿಂತು ಕಾಡು ಕಡಿಯಲು ಸರಿ, ಕೊಂಬೆಯ ಮೇಲೆ ಕುಳಿತು ಬಳಸುವ ಮಾತಿಲ್ಲ. ಒಬ್ಬನೇ ಎತ್ತಿ ಹಿಡಿಯುವಂಥವು ಬಳಕೆಗೆ ಬಂದದ್ದು 1950ರ ಸುಮಾರಿಗೆ. 1959ರ ಹೊತ್ತಿಗೆ ತೂಕ ಹನ್ನೆರಡು ಕಿಲೋವಿನ ಆಸುಪಾಸಿಗೆ ಇಳಿಯಿತು. ಸರಪಳಿಯ ಹಲ್ಲಿನ ಕಥೆ ಇನ್ನೂ ಸೊಗಸಾದದ್ದು. ಅಮೆರಿಕದ ಆರೆಗನ್ ಸಂಸ್ಥಾನದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು 1946ರಲ್ಲಿ ಒಂದು ಮರದ ಬೊಡ್ಡೆಯಲ್ಲಿ ಮರಕೊರಕ ಹುಳುವನ್ನು ಕಂಡ. ಆ ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿದ ದವಡೆಯಿಂದ ಹಸಿ ಮರವನ್ನು ಬೆಣ್ಣೆಯಂತೆ ಕೊರೆಯುತ್ತಿತ್ತು. ಅದರ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ಮಾಡಿ, ಮರುವರ್ಷ ತನ್ನ ಮನೆಯ ನೆಲಮಾಳಿಗೆಯಲ್ಲಿ ಸರಪಳಿ ತಯಾರಿಸತೊಡಗಿದ. ಇಂದು ಜಗತ್ತಿನ ಬಹುಪಾಲು ಚೈನ್ ಗರಗಸಗಳ ಹಲ್ಲು ಆ ಹುಳುವಿನ ವಂಶದ್ದೇ.

ಗರಗಸದಿಂದ ಕೊಯ್ಯುವುದು ಸುಲಭವಾಯಿತು. ಕೊಯ್ದದ್ದನ್ನು ಸಾಗಿಸುವುದು ಸುಲಭವಾಗಲಿಲ್ಲ. ಹಸಿ ಕೊಂಬೆರೆಂಬೆಗಳಿಗೆ ಭಾರಕ್ಕಿಂತ ಗಾತ್ರ ಹೆಚ್ಚು. ಲಾರಿ ತುಂಬಿದಂತೆ ಕಾಣುತ್ತದೆ, ಆದರೆ ಅರ್ಧ ಪಾಲು ಗಾಳಿಯೇ. ಕೊಂಬೆಯನ್ನು ಚೂರುಮಾಡುವ ಚಿಪ್ಪರ್ ಯಂತ್ರವನ್ನು ಜರ್ಮನಿಯ ಪೀಟರ್ ಯೆನ್ಸನ್ 1884ರಲ್ಲೇ ಕಂಡುಹಿಡಿದಿದ್ದನಾದರೂ, ವೃಕ್ಷವೈದ್ಯರ ಬಂಡಿಯ ಹಿಂದೆ ಅದು ಉರುಳತೊಡಗಿದ್ದು ಎರಡನೆಯ ಮಹಾಯುದ್ಧದ ನಂತರ. ಮೊದಲ ಯಂತ್ರಗಳು ಭಯಂಕರವಾಗಿದ್ದವು. ಭರದಿಂದ ತಿರುಗುವ ಉರುಳೆ ಕೊಂಬೆಯನ್ನು ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಎಸೆದೊಡನೆ ಪಕ್ಕಕ್ಕೆ ಹಾರಿಕೊಳ್ಳಬೇಕು. ಅನಂತರ ಕೊಂಬೆಯನ್ನು ನಿಧಾನವಾಗಿ ಒಳಕ್ಕೆಳೆಯುವ ಉರುಳುಗಳೂ, ಒಂದು ತಳ್ಳಿಗೆ ನಿಲ್ಲುವ ಅಡ್ಡಪಟ್ಟಿಯೂ ಬಂದವು. ಭೂಮಿಯೊಳಗೆ ಉಳಿದ ಬೊಡ್ಡೆಯನ್ನು ಅರೆಯುವ ಯಂತ್ರ ಬಳಕೆಗೆ ಬಂದದ್ದು 1950ರ ದಶಕದಲ್ಲಿ.

ಈಗ ಕಥೆಯ ತಿರುವಿಗೆ ಬರೋಣ. ಅಮೆರಿಕದ ಅರಣ್ಯ ಇಲಾಖೆಯಲ್ಲಿ 1959ರಲ್ಲಿ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಕೆಲಸಕ್ಕೆ ಸೇರಿದ. ಅವನಿಗಿಂತ ಹಿಂದಿನವರು ಮರವನ್ನು ಅಡ್ಡಲಾಗಿ ಕೊಯ್ದು ಕೊಳೆತವನ್ನು ನೋಡುತ್ತಿದ್ದರು. ಇವನ ಕೈಯಲ್ಲಿ ಹಗುರವಾದ ಚೈನ್ ಗರಗಸವಿತ್ತು. ಕಡಿದ ಮರಗಳನ್ನು ಬುಡದಿಂದ ತುದಿಯವರೆಗೆ ಉದ್ದಕ್ಕೆ ಸೀಳಿದ, ಒಂದೆರಡಲ್ಲ, ಸಾವಿರಾರು. ಆಗ ಕಂಡದ್ದೇನು? ಗಾಯವಾದೊಡನೆ ಮರ ತನ್ನೊಳಗೆ ಗೋಡೆ ಕಟ್ಟಿಕೊಳ್ಳುತ್ತದೆ. ಮೇಲೆ ಕೆಳಗೆ ಒಂದು ಅಡ್ಡಿ, ಒಳಮುಖಕ್ಕೆ ಒಂದು, ಅಕ್ಕಪಕ್ಕಕ್ಕೆ ಒಂದು. ಗಾಯವಾದ ಮೇಲೆ ಬೆಳೆಯುವ ಹೊಸ ಮರಕ್ಕೂ ಹಳೆಯದಕ್ಕೂ ನಡುವೆ ನಾಲ್ಕನೆಯ ಗೋಡೆ, ಎಲ್ಲಕ್ಕಿಂತ ಬಲವಾದದ್ದು. ಕೊಳೆತವನ್ನು ಆ ಕೋಣೆಯಲ್ಲಿ ಕೂಡಿಹಾಕಿ ಮರ ಹೊರಗೆ ಬೆಳೆಯುತ್ತ ಹೋಗುತ್ತದೆ. ಈ ಸಿದ್ಧಾಂತವನ್ನು ಅವನು 1977ರಲ್ಲಿ ಸಹೋದ್ಯೋಗಿಯೊಬ್ಬನೊಡನೆ ಪ್ರಕಟಿಸಿದ.

ಇಲ್ಲಿ ಒಂದು ಭಾಷೆಯ ಮಾತು. ನಮ್ಮ ಮೈಮೇಲಿನ ಗಾಯ ‘ಮಾಯುತ್ತದೆ’ ಎನ್ನುತ್ತೇವೆ. ಕೆಟ್ಟ ಮಾಂಸದ ಜಾಗದಲ್ಲಿ ಹೊಸ ಮಾಂಸ ಬರುತ್ತದೆ. ಮರದ ಗಾಯ ಆ ಅರ್ಥದಲ್ಲಿ ಎಂದೂ ಮಾಯುವುದಿಲ್ಲ, ಮುಚ್ಚಿಕೊಳ್ಳುತ್ತದೆ ಅಷ್ಟೆ. ನೂರು ವರ್ಷದ ಹಿಂದಿನ ಗಾಯ ನೂರು ವರ್ಷದ ಮೇಲೂ ಒಳಗೆ ಹಾಗೆಯೇ ಇರುತ್ತದೆ. ಹಾಗಾದರೆ ಗಟ್ಟಿ ಮರ ಸಿಕ್ಕುವವರೆಗೆ ಪೊಟರೆ ಕೆತ್ತಿದ ವೈದ್ಯರು ಮಾಡಿದ್ದೇನು? ಮರ ಕಷ್ಟಪಟ್ಟು ಕಟ್ಟಿಕೊಂಡ ಕೋಟೆಗೋಡೆಯನ್ನು ಉಳಿಯಿಂದ ಒಡೆದು, ಶತ್ರುವಿಗೆ ಬಾಗಿಲು ತೆರೆದುಕೊಟ್ಟರು! ಡಾಂಬರಾಗಲಿ ಬೇರೆ ಲೇಪವಾಗಲಿ ಕೊಳೆಯುವುದನ್ನು ತಡೆಯುವುದಿಲ್ಲವೆಂದೂ ತಿಳಿಯಿತು. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ಯುವುದೂ ತಪ್ಪು. ಕೊಂಬೆಯ ಬುಡದಲ್ಲಿ ಬಳೆಯಂತಿರುವ ಉಬ್ಬನ್ನು ಉಳಿಸಿ ಅದರ ಹೊರಗೆ ಕೊಯ್ಯಬೇಕು, ಏಕೆಂದರೆ ಗೋಡೆ ಕಟ್ಟುವ ಶಕ್ತಿಯಿರುವುದು ಅಲ್ಲಿಯೇ.

ತಂದೆಯ ಕಾಲದಿಂದ ಮಾಡಿಕೊಂಡು ಬಂದದ್ದು ತಪ್ಪೆಂದು ಒಪ್ಪಿಕೊಳ್ಳುವುದು ಯಾವ ಕಸುಬಿಗೂ ಸುಲಭವಲ್ಲ. ವಾದವಿವಾದ ನಡೆಯಿತು. ಕೊನೆಗೆ ಉಳಿಯೂ ಸಿಮೆಂಟೂ ಡಾಂಬರೂ ವೈದ್ಯರ ಪೆಟ್ಟಿಗೆಯಿಂದ ಹೊರಬಿದ್ದವು. ಹಾಗೆಂದು ಡೇವಿಯನ್ನು ಹಳಿಯಬೇಕಾಗಿಲ್ಲ. ಮರವೂ ಜೀವವುಳ್ಳದ್ದು, ಅದನ್ನು ಕಡಿಯುವ ಮೊದಲು ಯೋಚಿಸು ಎಂದು ಜನಕ್ಕೆ ಕಲಿಸಿದವನು ಅವನು. ಔಷಧ ತಪ್ಪಿತು, ದಯೆ ತಪ್ಪಲಿಲ್ಲ.

ಇನ್ನು ಸಣ್ಣ ವ್ಯಾಪಾರಿಯ ಕಡೆಗೆ ನೋಡೋಣ. ಇದಕ್ಕೆ ಇಂಗ್ಲೆಂಡು ಒಳ್ಳೆಯ ನಿದರ್ಶನ. 1960ರ ದಶಕದ ಕೊನೆಯಲ್ಲಿ ಉತ್ತರ ಅಮೆರಿಕದಿಂದ ಬಂದ ಮರದ ದಿಮ್ಮಿಗಳೊಡನೆ ಎಲ್ಮ್ ಮರದ ಮಹಾರೋಗವೊಂದು ಅಲ್ಲಿಗೆ ಕಾಲಿಟ್ಟಿತು. ಜೀರುಂಡೆ ಹೊತ್ತು ತರುವ ಬೂಷ್ಟಿನ ರೋಗ ಅದು. ಎರಡು ಕೋಟಿ ಐವತ್ತು ಲಕ್ಷಕ್ಕೂ ಮಿಕ್ಕಿ ಎಲ್ಮ್ ಮರಗಳು ಸತ್ತವು. 1987ರ ಅಕ್ಟೋಬರ್ 15ರ ರಾತ್ರಿ ಬೀಸಿದ ಬಿರುಗಾಳಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಸುಮಾರು ಒಂದೂವರೆ ಕೋಟಿ ಮರಗಳು ಉರುಳಿದವು. ಒಣಗಿನಿಂತ ಮರ, ಉರುಳಿಬಿದ್ದ ಮರಗಳನ್ನು ತೆಗೆಯುವ ಕೆಲಸ ಎಷ್ಟೋ ಮಂದಿಗೆ ಅನ್ನದ ದಾರಿಯಾಯಿತು. ಇಬ್ಬರು ಮೂವರು ಸೇರಿದ ಸಣ್ಣ ತಂಡ: ಮೇಲೆ ಹತ್ತುವವನೊಬ್ಬ, ಕೆಳಗೆ ಹಗ್ಗ ಹಿಡಿಯುವವನೊಬ್ಬ, ಕೊಂಬೆ ಎಳೆದು ಯಂತ್ರಕ್ಕೆ ಕೊಡುವವನೊಬ್ಬ. 1948ರಲ್ಲಿ ಹುಟ್ಟಿದ ಲ್ಯಾಂಡ್ ರೋವರ್ ಗಾಡಿ ಕೆಸರಿನಲ್ಲೂ ಹೋಗಬಲ್ಲುದಾದ್ದರಿಂದ ಇಂಥವರ ನೆಚ್ಚಿನ ವಾಹನವಾಯಿತು. ಅದರ ಜೊತೆಗೆ ಹಿಂಭಾಗ ಎತ್ತಿ ಸರಕು ಸುರಿಯುವ ಸಣ್ಣ ಲಾರಿಯೂ ಬಂತು.

ಇಂಥ ಸಂಸಾರದ ಲೆಕ್ಕವೆಲ್ಲ ತೂಕದ ಮೇಲೆ ನಿಂತಿದೆ. ಅಲ್ಲಿ 1997ರ ಜನವರಿಯಿಂದೀಚೆಗೆ ಕಾರಿನ ಪರೀಕ್ಷೆ ಪಾಸು ಮಾಡಿದವರು ಆ ಲೈಸೆನ್ಸಿನ ಮೇಲೆ ಸಾಮಾನ್ಯವಾಗಿ 3.5 ಟನ್ನಿಗಿಂತ ಹೆಚ್ಚಿನ ಗಾಡಿ ನಡೆಸುವಂತಿಲ್ಲ. ಆ ತೂಕದಲ್ಲಿ ಗಾಡಿ, ಜನ, ಗರಗಸ, ಹಗ್ಗ, ಪೆಟ್ರೋಲು ಎಲ್ಲ ಕಳೆದು ಉಳಿದದ್ದೇ ಸರಕಿಗೆ. ಮಳೆಯಲ್ಲಿ ನೆನೆದ ಮರದ ಚೂರು ಕಣ್ಣಿಗೆ ಹತ್ತಿಯಂತೆ ಕಂಡರೂ ತಕ್ಕಡಿಗೆ ಕಲ್ಲಿನಂತೆ. ಹಿಂದೆ ಎಳೆಯುವ ಟ್ರೈಲರು 750 ಕಿಲೋ ದಾಟಿದರೆ ಅದಕ್ಕೆ ಬ್ರೇಕು ಇರಲೇಬೇಕು. 2021ರ ಡಿಸೆಂಬರಿನವರೆಗೆ ಹೊಸ ಚಾಲಕರಿಗೆ ಅದರಾಚೆಗೆ ಬೇರೆ ಪರೀಕ್ಷೆಯೂ ಬೇಕಾಗುತ್ತಿತ್ತು. ಆದ್ದರಿಂದಲೇ ಚಿಪ್ಪರ್ ತಯಾರಿಸುವವರು 750 ಕಿಲೋವಿನೊಳಗೆ ಯಂತ್ರವನ್ನು ಹಿಡಿಸಲು ಪೈಪೋಟಿ ನಡೆಸಿದರು. ಒಂದು ದೇಶದ ರಸ್ತೆಯ ಕಾನೂನು ಮರದ ವೈದ್ಯನ ಯಂತ್ರದ ಮೈಯನ್ನೇ ತಿದ್ದಿತು!

ಅಪಾಯದ ಮಾತು ಬೇರೆ. ಇಂದು ಗರಗಸ ಹಿಡಿಯುವವರು ತೊಡುವ ಇಜಾರದಲ್ಲಿ ಉದ್ದನೆಯ ನೂಲಿನ ಪದರಗಳಿರುತ್ತವೆ. ಸರಪಳಿ ತಗುಲಿದೊಡನೆ ನೂಲು ಬಿಚ್ಚಿಕೊಂಡು ಗರಗಸಕ್ಕೆ ಸುತ್ತಿ ಅದನ್ನು ನಿಲ್ಲಿಸಿಬಿಡುತ್ತದೆ. ಗರಗಸ ಸಿಡಿದು ಹಿಂದಕ್ಕೆ ಒದ್ದರೆ ತಾನಾಗಿ ನಿಲ್ಲುವ ಬ್ರೇಕು 1970ರ ದಶಕದಲ್ಲಿ ಬಂತು. ಇಷ್ಟಿದ್ದರೂ ಲೋಕದ ಅಪಾಯಕರ ಕಸುಬುಗಳಲ್ಲಿ ಇದೂ ಒಂದಾಗಿಯೇ ಉಳಿದಿದೆ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಇಕ್ಕಟ್ಟು ಬೇರೆಯದು. ಸಾಲ ಮಾಡಿ ಲಾರಿ, ಚಿಪ್ಪರ್, ನಾಲ್ಕಾರು ಗರಗಸ ಕೊಂಡವನು ಪ್ರತಿದಿನ ಅವಕ್ಕೆ ಮೇವು ಹಾಕಬೇಕು. ಅವುಗಳ ಮೇವೆಂದರೆ ಮರವೇ. ಮರ ಕಡಿದರೆ ದುಡ್ಡು. ಕೊಂಬೆ ಹಗುರ ಮಾಡಿದರೆ ಸ್ವಲ್ಪ ದುಡ್ಡು. “ಈ ಮರಕ್ಕೇನೂ ಆಗಿಲ್ಲ, ಬಿಡಿ” ಎಂದರೆ ಬರಿಗೈ. ಆ ಮೂರನೆಯ ಮಾತನ್ನು ಹೇಳಬಲ್ಲವನೇ ನಿಜವಾದ ವೃಕ್ಷವೈದ್ಯ. ಮನುಷ್ಯರ ವೈದ್ಯರಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಆದರೆ ಇಲ್ಲಿ ರೋಗಿಗೆ ಬಾಯಿಲ್ಲ.

ನಮ್ಮ ಮಳೆಮರದ ಕಥೆ ಏನಾಯಿತು? ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವಿದೆ. ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಮನಬಂದಂತೆ ಮರ ಕಡಿಯುವ ಹಾಗಿಲ್ಲ. ಅರ್ಜಿ ಕೊಟ್ಟೆವು. ನೋಡಲು ಬಂದವರು ಮರದ ಸುತ್ತ ಎರಡು ಸುತ್ತು ಬಂದರು. ಮರದ ಕೊಡತಿಯಿಂದ ಕಾಂಡವನ್ನು ಅಲ್ಲಲ್ಲಿ ತಟ್ಟಿ ಕಿವಿಗೊಟ್ಟು ಕೇಳಿದರು. ಬೀದಿಯ ಕಡೆಗೆ ಭಾರವಾಗಿ ಚಾಚಿದ್ದ ಎರಡು ಕೊಂಬೆಗಳನ್ನು ಹಗುರ ಮಾಡಿದರೆ ಸಾಕು, ಮರ ನಿಲ್ಲುತ್ತದೆ ಎಂದರು. ಹಾಗೆಯೇ ಆಯಿತು. ಕೊಯ್ದವನು ಮೊದಲು ಕೆಳಗಿನಿಂದ ಅರ್ಧ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದ; ತೊಗಟೆ ಸಿಗಿಯಲಿಲ್ಲ. ಬುಡದ ಬಳೆಯನ್ನು ಮುಟ್ಟಲಿಲ್ಲ. ಗಾಯಕ್ಕೆ ಏನನ್ನೂ ಬಳಿಯಲಿಲ್ಲ.

ಆ ಹುಡುಗ ಬಿಡಬೇಕಲ್ಲ! “ಸಾರ್, ಹಾಗಾದರೆ ಆ ಸಿಮೆಂಟನ್ನು ತೆಗೆಸಬೇಡವೇ?” ಎಂದ. ಅವರನ್ನೇ ಕೇಳಿದೆವು. “ಈಗ ಕೀಳಲು ಹೋದರೆ ಇನ್ನೊಂದು ಗಾಯ. ಮರ ಅದನ್ನು ಒಳಗೆ ಹಾಕಿಕೊಂಡು ಬೆಳೆದಿದೆ, ಇರಲಿ ಬಿಡಿ” ಎಂದರು. ಹತ್ತಿರ ಹೋಗಿ ನೋಡಿದೆ. ಗಾರೆಯ ಅಂಚಿನ ಸುತ್ತ ಹೊಸ ತೊಗಟೆ ತುಟಿಯಂತೆ ಮಡಿಸಿ ಮೇಲೇರಿ ಬಂದಿತ್ತು. ತಪ್ಪು ಚಿಕಿತ್ಸೆ ಮಾಡಿದ ಪುಣ್ಯಾತ್ಮರನ್ನು ಮರ ಎಂದೋ ಕ್ಷಮಿಸಿತ್ತು.